ಪ್ರತಿಕ್ರಿಯೆ: ವಿ8 ಕಾರು ಮಾರಿಬಿಡಬೇಕಾ?

ಪೆಟ್ರೋಲ್ ಬೆಲೆ ಜಾಸ್ತಿ ಆಯಿತು, ಲೀಟರ್‌ಗೆ 6 ಕಿ.ಮೀ. ಕೊಡುವ ವಿ8 (ಎಂಟು ಸಿಲಿಂಡರ್ ಇಂಜಿನ್‌ನ ಕಾರು) ಮಾರಿ ಚಿಕ್ಕ ಕಾರು ಕೊಳ್ಳಲಾ ಅಂತ ಕೇಳಿದ್ದೀರಿ. ವರ್ಷಕ್ಕೆ ಎಷ್ಟು ಓಡಿಸುತ್ತೀರಿ? 3,000 ಕಿ.ಮೀ. ಅಂದರೆ 500 ಲೀಟರ್ ಬೇಕು. 15 ಕೊಡುವ ಕಾರಿಗೆ 200 ಸಾಕು. ಉಳಿಯುವುದು 300 ಲೀಟರ್. ಅಷ್ಟಕ್ಕೋಸ್ಕರ ಹೊಸ ಕಾರಿನ ಸಾಲ ಹೊರುವುದು ಸುಮ್ನೆ ದಂಡ. ಅದೂ ಅಲ್ಲದೆ, ಈಗ ಎಲ್ಲರೂ ಇಂಥ ಕಾರು ಮಾರೋಕೆ ಹೊರಟಿರುತ್ತಾರೆ, ಒಳ್ಳೆ ಬೆಲೆ ಸಿಗೋದು ಕಷ್ಟ ಅಲ್ವಾ?

15,000 ಓಡಿಸುವವರಾದರೆ ಉಳಿತಾಯ 1,500 ಲೀಟರ್. ಆಗ ಮಾರಿಬಿಡಿ.

ಇಟ್ಟುಕೊಂಡರೆ ಹೆದ್ದಾರಿಯಲ್ಲಿ ವೇಗ ತಗ್ಗಿಸಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಟೈರ್ ಗಾಳಿಯನ್ನೂ ಆಗಾಗ ನೋಡಿ. ಆ ಇಂಜಿನ್ ಸದ್ದಿನ ಹುಚ್ಚು ನನಗೂ ಇದೆ. ನನ್ನ ಮಾತು ಸ್ವಲ್ಪ ಆ ಕಡೆಗೇ ವಾಲಿರಬಹುದು!