ಝೆನ್ ಅಕ್ಷರದಲ್ಲಿ ಒಂಟಿ ಮನುಷ್ಯ ಇದ್ದಾನೆಯೇ?

ಆತ್ಮೀಯ ಓದುಗರೇ,

ನಿಮ್ಮ ಪತ್ರ ಕೈಸೇರಿತು. ಧ್ಯಾನ ಶಿಬಿರವೊಂದರ ಗೋಡೆಯ ಮೇಲೆ ‘ಝೆನ್’ ಎಂಬ ಚೀನೀ ಅಕ್ಷರ ನೋಡಿದಿರಿ. ‘ಎಡಗಡೆ ಇರುವುದು ದೇವರು, ಬಲಗಡೆ ಇರುವುದು ಒಂಟಿ. ದೇವರ ಮುಂದೆ ಒಬ್ಬನೇ ಕೂರುವುದೇ ಝೆನ್’ ಅಂತ ಅಲ್ಲಿನವರು ಬಿಡಿಸಿ ಹೇಳಿದರು. ಇದು ನಿಜವಾ ಅಂತ ಕೇಳಿದ್ದೀರಿ. ಮೂಲ ನಮ್ಮ ‘ಧ್ಯಾನ’ವೇ ಆಗಿದ್ದರೆ ನಾವು ಯಾಕೆ ‘ಝೆನ್’ ಅನ್ನಬೇಕು ಅಂತಲೂ ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ಉತ್ತರ: ನಿಜವಲ್ಲ. ಎಡಗಡೆಯ ಬಗ್ಗೆ ಹೇಳಿದ್ದು ಹೆಚ್ಚುಕಮ್ಮಿ ಸರಿ. ಅದು ಪೂಜೆಯ ಪೀಠದ ಗುರುತು. ದೇವರು, ಪೂರ್ವಜರು, ಬಲಿ, ಸೌಭಾಗ್ಯ, ಇಂಥ ಪದಗಳ ಅಕ್ಷರಗಳಲ್ಲೆಲ್ಲ ಅದು ಬರುತ್ತದೆ. ಬಲಗಡೆಯ ಭಾಗವನ್ನು ಬಿಡಿಯಾಗಿ ಬರೆದರೆ ‘ದಾನ್’, ಅಂದರೆ ‘ಒಂದೇ’, ‘ಬಿಡಿ’. ಆದರೆ ಇಲ್ಲಿ ಅದು ಅರ್ಥ ಹೇಳಲು ಬಂದಿಲ್ಲ, ಉಚ್ಚಾರ ತೋರಿಸಲು ಬಂದಿದೆ. ಚೀನೀ ಅಕ್ಷರಗಳಲ್ಲಿ ಜಾಸ್ತಿ ಪಾಲು ಹೀಗೇ ಆಗಿವೆ: ಒಂದು ಭಾಗ ಅರ್ಥದ ಸುಳಿವು, ಇನ್ನೊಂದು ಭಾಗ ಸದ್ದಿನ ಸುಳಿವು. ಇದೇ ‘ದಾನ್’ ಪಕ್ಕದಲ್ಲಿ ಪೀಠದ ಬದಲು ಹುಳದ ಗುರುತು ಹಾಕಿದರೆ, ಮರದಲ್ಲಿ ಕೂತು ಕಿರುಗುಟ್ಟುವ ಜೀರುಂಡೆ ಆಗುತ್ತದೆ. ನಾವು ‘ಝೆನ್’ ಅನ್ನುವ ಅಕ್ಷರವನ್ನು ಚೀನಿಯಲ್ಲಿ ‘ಚಾನ್’ ಅಂತ ಓದುತ್ತಾರೆ, ಜೀರುಂಡೆಯ ಅಕ್ಷರವನ್ನೂ ‘ಚಾನ್’ ಅಂತಲೇ ಓದುತ್ತಾರೆ. ಜೀರುಂಡೆಯನ್ನು ‘ಒಂಟಿ ಹುಳ’ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ ಅಲ್ವಾ? ಕ್ರಿ.ಶ. 100ರಲ್ಲಿ ಚೀನೀ ವಿದ್ವಾಂಸ ಷು ಷೆನ್ ಮುಗಿಸಿದ ನಿಘಂಟೇ ಈ ಅಕ್ಷರದ ಬಗ್ಗೆ ‘ಪೀಠ ಅರ್ಥಕ್ಕೆ, ದಾನ್ ಸದ್ದಿಗೆ’ ಎಂದು ಹೇಳಿಬಿಟ್ಟಿದೆ.

ಆ ನಿಘಂಟಿನ ಕಾಲಕ್ಕೆ ಅಕ್ಷರಕ್ಕೂ ಧ್ಯಾನಕ್ಕೂ ಏನೂ ಸಂಬಂಧ ಇರಲಿಲ್ಲ. ಅದು ಚಕ್ರವರ್ತಿಗಳ ಅಕ್ಷರ. ತಾಯ್ ಬೆಟ್ಟದ ತುದಿಯಲ್ಲಿ ಆಕಾಶಕ್ಕೆ ಪೂಜೆ ಮಾಡಿ, ಬುಡದ ಗುಡ್ಡದಲ್ಲಿ ಭೂಮಿಗೆ ಪೂಜೆ ಮಾಡುತ್ತಿದ್ದರು. ಆ ಭೂಮಿಪೂಜೆಯ ಹೆಸರು ‘ಷಾನ್’, ಅದನ್ನು ಬರೆಯುವುದು ಇದೇ ಅಕ್ಷರದಿಂದ. ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಕ್ರಿ.ಪೂ. 219ರಲ್ಲಿ, ಹಾನ್ ವಂಶದ ವು ಕ್ರಿ.ಪೂ. 110ರಲ್ಲಿ ಇದನ್ನು ಮಾಡಿದರು. ಮಗನಿಗೆ ಕೊಡದೆ ಯೋಗ್ಯನೊಬ್ಬನಿಗೆ ಸಿಂಹಾಸನ ಬಿಟ್ಟುಕೊಡುವುದಕ್ಕೂ ಇದೇ ಅಕ್ಷರ. ಯಾವ್ ಎಂಬ ಪುರಾಣದ ದೊರೆ ಶುನ್‌ಗೆ ಬಿಟ್ಟುಕೊಟ್ಟ ಕತೆ ಅಲ್ಲಿ ಮಕ್ಕಳಿಗೂ ಗೊತ್ತು. ಕ್ರಿ.ಶ. 220ರಲ್ಲಿ ಹಾನ್ ವಂಶದ ಕೊನೆಯ ದೊರೆಯಿಂದ ತ್ಸಾವ್ ಪಿ ಪಟ್ಟ ಕಿತ್ತುಕೊಂಡಾಗಲೂ ಅದಕ್ಕೆ ಇದೇ ಮರ್ಯಾದೆಯ ಹೆಸರು ಕೊಟ್ಟರು.

ಇಂಥ ಅಕ್ಷರ ಧ್ಯಾನಕ್ಕೆ ಬಂದದ್ದು ಬರೀ ಸದ್ದಿನ ಕಾರಣಕ್ಕೆ. ಪಾರ್ಥಿಯಾದ (ಹಳೆಯ ಇರಾನಿನ) ಭಿಕ್ಷು ಆನ್ ಶಿಗಾವ್ ಕ್ರಿ.ಶ. 148ರಲ್ಲಿ ಚೀನಾದ ಲುವೊಯಾಂಗ್‌ಗೆ ಬಂದು ಧ್ಯಾನದ ಗ್ರಂಥಗಳನ್ನು ಚೀನಿಗೆ ತಂದವನು. ಆ ಕಾಲದ ಭಿಕ್ಷುಗಳ ಬಾಯಲ್ಲಿ ಇದ್ದದ್ದು ಪಂಡಿತರ ‘ಧ್ಯಾನ’ವಲ್ಲ, ಜನರ ಪ್ರಾಕೃತ. ಪಾಲಿಯಲ್ಲಿ ಅದು ‘ಝಾನ’. ಈ ಅಕ್ಷರದ ಹಳೆಯ ಉಚ್ಚಾರವೂ ‘ಜ’ಕ್ಕೆ ಹತ್ತಿರ ಇತ್ತು. ಕಿವಿಗೆ ಹೊಂದಿತು, ಎರವಲು ಪಡೆದರು. ಪೀಠದ ಗುರುತು ಇದ್ದದ್ದೂ ಅನುಕೂಲವಾಗಿರಬಹುದು.

ಧ್ಯ ಹೋಗಿ ಜ ಆಗುವುದು ಕನ್ನಡದವರಿಗೆ ಹೊಸತೇನಲ್ಲ. ಸಂಧ್ಯೆ ನಮ್ಮಲ್ಲಿ ಸಂಜೆ ಆಯಿತು. ಹಳಗನ್ನಡದಲ್ಲಿ ‘ಜಾನಿಸು’ ಅಂದರೆ ಧ್ಯಾನಿಸು ಅಂತಲೇ ಅರ್ಥ. ಉಪಾಧ್ಯಾಯ ‘ಓಜ’ ಆದ. ನನಗೆ ತುಂಬಾ ಇಷ್ಟವಾದ ಸಂಗತಿ ಇಲ್ಲೇ ಇದೆ: ಅದೇ ಉಪಾಧ್ಯಾಯ ಮಧ್ಯ ಏಷ್ಯಾದ ದಾರಿಯಲ್ಲಿ ಸವೆದು ಚೀನಿಯಲ್ಲಿ ‘ಹಶಾಂಗ್’ ಆದ, ಜಪಾನಿನಲ್ಲಿ ‘ಓಶೋ’ ಆದ. ಎರಡೂ ಬೌದ್ಧ ಭಿಕ್ಷುವಿನ ಹೆಸರು.

ಮುಂದೆ ಒಂದೇ ಅಕ್ಷರವನ್ನು ನಾಲ್ಕು ನಾಡು ನಾಲ್ಕು ರೀತಿ ಓದಿದವು. ಬೀಜಿಂಗ್‌ನವರು ‘ಚಾನ್’, ಜಪಾನಿನವರು ‘ಝೆನ್’, ಕೊರಿಯಾದವರು ‘ಸೊನ್’, ವಿಯೆಟ್ನಾಮಿನವರು ‘ಥಿಯೆನ್’. ಮೊದಲ ಸದ್ದಿನ ಮಟ್ಟಿಗೆ ಜಪಾನಿನ ಓದು ಇಂದಿನ ಬೀಜಿಂಗ್ ಓದಿಗಿಂತ ಹಳೆಯದಕ್ಕೆ ಹತ್ತಿರ. ಕೊರಿಯಾ, ವಿಯೆಟ್ನಾಂಗಳಲ್ಲಿ ದಿನಬಳಕೆಗೆ ಬೇರೆ ಲಿಪಿ ಬಂದಿದೆ, ಪದ ಮಾತ್ರ ಉಳಿದಿದೆ. ವಿಯೆಟ್ನಾಮಿನಲ್ಲಿ ಧ್ಯಾನಕ್ಕೆ ಕೂರುವುದಕ್ಕೆ ‘ಙೋಯ್ ಥಿಯೆನ್’ ಅನ್ನುವುದು ತೀರಾ ಸಾಮಾನ್ಯ ಮಾತು.

ಅರ್ಥಗಳೂ ಬೇರೆ ಬೇರೆ ಕಡೆ ಹರಿದವು. ಜಪಾನಿನಲ್ಲಿ ತಲೆಬುಡ ತಿಳಿಯದ ಮಾತುಕತೆಗೆ ‘ಝೆನ್ ಮೊಂದೋ’, ಅಂದರೆ ಝೆನ್ ಪ್ರಶ್ನೋತ್ತರ, ಅನ್ನುತ್ತಾರೆ. ಚೀನಿಯಲ್ಲಿ ‘ಕೋತೋ ಚಾನ್’ ಅಂತ ಒಂದಿದೆ: ಬಾಯಿಮಾತಿನ ಚಾನ್. ಸಾಧನೆ ಮಾಡದೆ ಸುಮ್ನೆ ಧರ್ಮದ ಮಾತಾಡುವವರನ್ನು ಬಯ್ಯಲು ಹುಟ್ಟಿದ್ದು. ಈಗ ಯಾರಾದರೂ ಮಾತಿಗೊಮ್ಮೆ ‘ಗೊತ್ತಾಯ್ತಾ, ಗೊತ್ತಾಯ್ತಾ’ ಅನ್ನುತ್ತಿದ್ದರೆ ಅದೇ ಅವರ ಕೋತೋ ಚಾನ್.

ಅಕ್ಷರದ ರೂಪವನ್ನೂ ಗಮನಿಸಿ. ಬಲಭಾಗದ ನೆತ್ತಿಯಲ್ಲಿ ಎರಡು ಪುಟ್ಟ ಚೌಕ ಇದ್ದರೆ ಹಳೆಯ ರೂಪ, ತೈವಾನಿನಲ್ಲಿ ಇಂದಿಗೂ ನಡೆಯುತ್ತದೆ. ಮೂರು ಗೀಟು ಇದ್ದರೆ ಜಪಾನಿನ ಹೊಸ ರೂಪ, ಎರಡು ಇದ್ದರೆ ಚೀನಾದ್ದು. ಕುಂಚದಲ್ಲಿ ಬರೆಯುವವರು ಹಳೆಯದನ್ನೇ ಇಷ್ಟಪಡುವುದರಿಂದ ಗೋಡೆಯ ಚಿತ್ರಗಳಲ್ಲಿ ಹೆಚ್ಚಾಗಿ ಚೌಕಗಳೇ ಕಾಣುತ್ತವೆ.

ಇನ್ನು ಎರಡನೇ ಪ್ರಶ್ನೆ. ನಮ್ಮಲ್ಲಿ ‘ಝೆನ್’ ರೂಢಿಗೆ ಬಂದದ್ದು ಇಂಗ್ಲಿಷಿನ ಮೂಲಕ. 20ನೇ ಶತಮಾನದಲ್ಲಿ ಜಪಾನಿನ ವಿದ್ವಾಂಸ ಡಿ.ಟಿ. ಸುಜುಕಿಯಂಥವರು ಇಂಗ್ಲಿಷಿನಲ್ಲಿ ಬರೆದು ಜಪಾನಿನ ಉಚ್ಚಾರವನ್ನು ಲೋಕಕ್ಕೆ ಹಂಚಿದರು. ಹಾಗಂತ ಅದನ್ನು ತೆಗೆದು ‘ಧ್ಯಾನ’ ಅಂತ ಹಾಕಿದರೆ ಸರಿಹೋಗುವುದಿಲ್ಲ. ಧ್ಯಾನ ನಮ್ಮ ಎಲ್ಲ ಪಂಥಗಳಲ್ಲೂ ಇದೆ. ಝೆನ್ ಒಂದು ಪಂಥ. ಹುಯಿನೆಂಗ್, ಲಿಂಜಿ ಮೊದಲಾದ ಚೀನೀ ಗುರುಗಳು ಅದಕ್ಕೆ ಅದರದೇ ಪ್ರಶ್ನೆ, ಬೈಗುಳ, ಮೌನಗಳನ್ನು ಕೊಟ್ಟರು. ಜಪಾನಿನ ಭಿಕ್ಷು ಐಸಾಯ್ 1191ರಲ್ಲಿ ಲಿಂಜಿಯ ಪರಂಪರೆಯನ್ನು ಜಪಾನಿಗೆ ಒಯ್ದರು. ಆದ್ದರಿಂದ ನಮ್ಮ ಪತ್ರಿಕೆಯಲ್ಲಿ ಜಪಾನಿನ ಗುರುಗಳ ಬಗ್ಗೆ ಬರೆದಾಗ ‘ಝೆನ್’, ಚೀನಾದವರ ಬಗ್ಗೆ ಬರೆದಾಗ ‘ಚಾನ್’ ಅಂತಲೇ ಬಳಸುತ್ತೇವೆ.

ಸಂಪಾದಕ