‘ಇತಿಹಾಸದಲ್ಲಿ ಆಗಸ್ಟ್ 15’: ನಿಮ್ಮ ಲೇಖನದ ಎರಡು ಸಾಲುಗಳ ಬಗ್ಗೆ

ಪ್ರಿಯ ಬರಹಗಾರರೇ,

ನಮಸ್ಕಾರ. ‘ಇತಿಹಾಸದಲ್ಲಿ ಆಗಸ್ಟ್ 15’ ಲೇಖನ ತಲುಪಿತು. ಬರವಣಿಗೆ ತಿಳಿಯಾಗಿದೆ, ಇಸವಿಗಳು ಸರಿಯಾಗಿವೆ, ಶ್ರಮ ಕಾಣುತ್ತದೆ. ಆದರೆ ಎರಡು ಸಾಲು ನನ್ನನ್ನು ಕೂರಲು ಬಿಡಲಿಲ್ಲ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

‘ಜಪಾನ್ ಸೋಲೊಪ್ಪಿದ ದಿನವೇ ನಮಗೆ ಸ್ವಾತಂತ್ರ್ಯ ಸಿಕ್ಕಿತು, ಎಂಥ ಕಾಕತಾಳೀಯ!’ ಎಂದು ಬರೆದಿದ್ದೀರಿ. ಅಲ್ಲ. ಬ್ರಿಟನ್ ಮೊದಲು ಹೇಳಿದ್ದು 1948ರ ಜೂನ್ ಒಳಗೆ ಬಿಟ್ಟು ಹೋಗುತ್ತೇವೆ ಅಂತ. 1947ರ ಜೂನ್ 4ರ ಪತ್ರಿಕಾಗೋಷ್ಠಿಯಲ್ಲಿ ವೈಸರಾಯ್ ಮೌಂಟ್‌ಬ್ಯಾಟನ್ ಆಗಸ್ಟ್ 15ರ ಮಾತೆತ್ತಿದರು. ಯುದ್ಧದಲ್ಲಿ ಅವರು ಆಗ್ನೇಯ ಏಷ್ಯಾದ ಮಿತ್ರಪಡೆಗಳ ದಂಡನಾಯಕ. ಜಪಾನ್ ಸೋಲಿಗೆ ಎರಡು ವರ್ಷ ತುಂಬುವ ದಿನವೆಂದೇ ಅದನ್ನು ಆರಿಸಿದೆ ಎಂದು ಆಮೇಲೆ ಅವರೇ ಹೇಳಿಕೊಂಡರು. ಒಬ್ಬರು ಬೇಕೆಂದೇ ಹಿಡಿದ ದಿನ ಕಾಕತಾಳೀಯ ಹೇಗಾಗುತ್ತದೆ? ಆ ಅವಸರಕ್ಕೆ ಎಷ್ಟು ಜನ ಬೆಲೆ ತೆತ್ತರು! ಭಾರತ-ಪಾಕಿಸ್ತಾನದ ಗಡಿರೇಖೆ ಪ್ರಕಟವಾಗಿದ್ದು ಆಗಸ್ಟ್ 17ಕ್ಕೆ. ಪಂಜಾಬ್, ಬಂಗಾಳದ ಎಷ್ಟೋ ಊರುಗಳ ಜನಕ್ಕೆ 15ರಂದು ತಾವು ಯಾವ ದೇಶದಲ್ಲಿದ್ದೇವೆ ಅನ್ನೋದೇ ಖಚಿತವಿರಲಿಲ್ಲ.

ಅದೇ ಪುಟದಲ್ಲಿ ಸಂಗೊಳ್ಳಿ ರಾಯಣ್ಣ ಇದ್ದಾನೆ. 1798ರ ಆಗಸ್ಟ್ 15ಕ್ಕೆ ಹುಟ್ಟಿದ, 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲಿಗೇರಿದ ಎಂದು ನಾಡು ನೆನೆಯುತ್ತದೆ. ನಿಜವಾದ ಆಕಸ್ಮಿಕ ಇದು. ಜನವರಿ 26 ಗಣರಾಜ್ಯದ ದಿನವಾದದ್ದು 1930ರ ಪೂರ್ಣ ಸ್ವರಾಜ್ಯದ ದಿನದ ನೆನಪಿಗೆ. ಆದರೂ ಇಲ್ಲಿ ಎದೆ ಝಲ್ಲೆನ್ನುತ್ತದೆ. ಅಂಥ ಕಡೆ ನೀವು ಒಂದೇ ಸಾಲು ಬರೆದು ನೆಪೋಲಿಯನ್ ಹುಟ್ಟುಹಬ್ಬಕ್ಕೆ ಹಾರಿದ್ದೀರಿ! ಅರವಿಂದರನ್ನು ನೋಡಿ. 1947ರ ಆಗಸ್ಟ್ 15ಕ್ಕೆ ಅವರಿಗೆ 75 ತುಂಬಿತು. ಇದು ಆಕಸ್ಮಿಕವಲ್ಲ, ತಮ್ಮ ಕೆಲಸಕ್ಕೆ ದೈವ ಒತ್ತಿದ ಮುದ್ರೆ ಎಂದು ಆಕಾಶವಾಣಿಗೆ ಕೊಟ್ಟ ಸಂದೇಶದಲ್ಲಿ ಬರೆದರು. ಒಂದೇ ತಾರೀಖು, ಮೂರು ಥರದ ನಂಟು. ಓದುಗರಿಗೆ ಬೇಕಾದದ್ದು ಇದು, ಅಲ್ವಾ?

ಇನ್ನೊಂದು ಸಾಲು ನನಗೆ ಜಾಸ್ತಿ ನೋವು ಕೊಟ್ಟಿತು. ‘ಅಂದು ದೇಶದ ಮೂಲೆಮೂಲೆಯಲ್ಲೂ ತ್ರಿವರ್ಣ ಧ್ವಜ ಹಾರಿತು.’ ನಿಮ್ಮೂರು ಬೀದರ್ ಜಿಲ್ಲೆಯಲ್ಲಿದೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮನ ಕೈಯಲ್ಲಿದ್ದವು. ಧ್ವಜ ಹಾರಿಸಲು ಹೋದವರು ಜೈಲು ಸೇರಿದರು. ನಿಜಾಮನ ಪರ ನಿಂತ ರಜಾಕಾರರ ಹಾವಳಿ ಕಳೆದು ಆ ಊರುಗಳು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರ ನಂತರ. ಮೈಸೂರಿನಲ್ಲೂ ಜವಾಬ್ದಾರಿ ಸರ್ಕಾರಕ್ಕಾಗಿ ಜನ ಮತ್ತೆ ಬೀದಿಗಿಳಿಯಬೇಕಾಯಿತು. ಕೆ. ಸಿ. ರೆಡ್ಡಿ ಮುಖ್ಯಮಂತ್ರಿಯಾದದ್ದು 1947ರ ಅಕ್ಟೋಬರ್‌ನಲ್ಲಿ. ಗೋವಾ ಕಾದದ್ದು 1961ರವರೆಗೆ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ‘ಇಂದಿನ ದಿನ’ ಅಂಕಣ ನನ್ನ ಪಾಲಿಗೆ ಬಂದಿತ್ತು. ಹಿರಿಯ ಉಪಸಂಪಾದಕರೊಬ್ಬರು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ‘ಸರಿ, ಮಾರನೇ ದಿನ ಏನಾಯ್ತು?’ ಅಂತ ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದಿದ್ದರೆ ಕಪಾಟಿನ ಹಳೇ ಸಂಪುಟ ತೆಗೆದು ಹುಡುಕಬೇಕು. ರಾತ್ರಿ ಬಸ್ಸು ತಪ್ಪುತ್ತಿತ್ತು, ಕೋಪ ಬರುತ್ತಿತ್ತು. ಈಗ ನಿಮ್ಮನ್ನು ಅದೇ ಪ್ರಶ್ನೆ ಕೇಳುತ್ತಿದ್ದೇನೆ.

ಪನಾಮಾ ಕಾಲುವೆ, ಪಿನ್‌ಕೋಡ್ ಸಾಲುಗಳನ್ನು ಬಿಡಿ. ರಾಯಣ್ಣನಿಗೆ ಜಾಗ ಕೊಡಿ. ನಿಮ್ಮೂರಿನ ಹಿರಿಯರ ಹತ್ತಿರ ಕೂತು, ಅಲ್ಲಿ ಮೊದಲ ಧ್ವಜ ಯಾವಾಗ ಹಾರಿತು, ಯಾರು ಹಾರಿಸಿದರು ಕೇಳಿ ಬನ್ನಿ. ಜುಲೈ 20ರೊಳಗೆ ಬಂದರೆ ಆಗಸ್ಟ್ ಸಂಚಿಕೆಯಲ್ಲಿ ಎರಡು ಪುಟ ಕಾಯ್ದಿಡುತ್ತೇನೆ.