ದೇವರಿಗೆ ಮೂರು ಸಲ ನೀರು ಯಾಕ?

ಗದಗಿನಿಂದ ಕೇಳೀರಿ: ಪೂಜಿ ಶುರುವಿಗೆ ಮೂರು ಉದ್ಧರಣಿ ನೀರು ಒಟ್ಟಿಗೇ ಬಿಟ್ಟರ ನಡೀತದೇನು ಅಂತ. ಬ್ಯಾಡ್ರಿ, ಬ್ಯಾರೆ ಬ್ಯಾರೆ ಬಿಡ್ರಿ. ಪಾದ್ಯ ಕಾಲಿಗೆ, ಅರ್ಘ್ಯ ಕೈಗೆ, ಆಚಮನ ಬಾಯಿಗೆ. ಬಿಸಲಾಗ ಬಂದವರಿಗೆ ಮೊದಲ ಕಾಲಿಗೆ ತಂಬಿಗಿ ನೀರು, ಆಮ್ಯಾಲೆ ಬೆಲ್ಲ-ನೀರು ಕೊಡ್ತೀವಲ್ಲ, ಅದ ಕ್ರಮ. ದೇವರಿಗೆ ನೀರಡಿಕೆ ಅಂತಲ್ಲ. ಎದುರಿಗೇ ಕುಂತಾನ ಅನ್ನೋ ಭಾವ ನಮ್ಮೊಳಗ ಗಟ್ಟಿ ಆಗಬೇಕು.

ಈ ನೀರು ಅರ್ಘ್ಯಪಾತ್ರಿಗೆ, ಅಂದ್ರ ನೀರು ಬಿಡೋ ಬಟ್ಟಲಿಗೆ, ಬಿಡ್ರಿ, ಮೂರ್ತಿ ಮ್ಯಾಲೆ ಹಾಕಿದರ ಸ್ನಾನ ಆಗ್ತದ. ಬಹಳ ಮಂದಿ ತಪ್ಪೋದು ನೈವೇದ್ಯದಾಗ: ತಾಟಿಟ್ಟ ಕೂಡ್ಲೇ ಆರತಿ! ‘ಪ್ರಾಣಾಯ ಸ್ವಾಹಾ’ದಿಂದ ‘ಸಮಾನಾಯ ಸ್ವಾಹಾ’ ತನಕ ಐದು ಪ್ರಾಣಗಳ ಮಂತ್ರ ಐದೂ ಹೇಳಿ, ಎರಡು ನಿಮಿಷ ಸುಮ್ಮನ ಕೂಡ್ರಿ. ನಂತರ ಕೈಗೆ ನೀರು, ವೀಳ್ಯ. ಉಣ್ಣಾಕ ಕುಂತವರನ್ನ ನಡುವ ಎಬ್ಬಸ್ತೀವೇನು? ಪೂಜಿಯ 16 ಉಪಚಾರಕ್ಕ, ಅಂದ್ರ 16 ಸೇವಾಕ್ಕ, ಹೊತ್ತಿಲ್ಲಂದ್ರ ಗಂಧ, ಹೂವು, ಧೂಪ, ದೀಪ, ನೈವೇದ್ಯ ಐದ ಮಾಡ್ರಿ.